ಸೆಷನ್‌ಗಳ ನಡುವೆ ಒಂದು ಮ್ಯೂಸಿಯಂ

(ಮೊದಲ ಸಲ ಕಾನ್ಫರೆನ್ಸ್‌ಗೆ ಹೊರಟಿರುವ ಸಂಶೋಧನಾ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತು ಮುಗಿದ ಮೇಲೆ ಬಂದ ಕೆಲವು ಪ್ರಶ್ನೆಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಾನ್ಫರೆನ್ಸ್ ಮುಗಿಸಿ ಬಂದವರನ್ನು "ಊರಲ್ಲಿ ಏನೇನು ನೋಡಿದ್ರಿ?" ಅಂತ ಕೇಳಿ ನೋಡಿ. ಹೆಚ್ಚಿನವರ ಉತ್ತರ ಒಂದೇ: "ಟೈಮೇ ಸಿಗಲಿಲ್ಲ." ಏರ್‌ಪೋರ್ಟ್, ಹೋಟೆಲ್, ಸಭಾಂಗಣ, ಮತ್ತೆ ಹೋಟೆಲ್, ಮತ್ತೆ ಏರ್‌ಪೋರ್ಟ್. ಪ್ಯಾರಿಸ್ಸಿಗೋ ಅಥೆನ್ಸಿಗೋ ಹಾರಿಹೋಗಿ, ಎಸಿ ಹಾಲ್‌ನಲ್ಲಿ ಕೂತು ಎದ್ದು ಬಂದಿರುತ್ತಾರೆ. ಆ ಹಾಲ್ ಯಾವ ಊರಲ್ಲಿದ್ದರೂ ಒಂದೇ ಥರ ಇರುತ್ತದೆ, ಅಲ್ವಾ?

ಟೈಮ್ ಸಿಗಲಿಲ್ಲ ಅನ್ನುವುದು ಸುಳ್ಳೇನಲ್ಲ. ಆದರೆ ಸಿಗದಿರುವುದಕ್ಕೆ ಕಾರಣ ಇದೆ. "ಸಮಯ ಉಳಿದರೆ ನೋಡೋಣ" ಅಂತ ಹೊರಟಿರುತ್ತಾರೆ. ಕಾನ್ಫರೆನ್ಸ್‌ನಲ್ಲಿ ಸಮಯ ಯಾವತ್ತೂ ಉಳಿಯುವುದಿಲ್ಲ. ಒಂದು ಸೆಷನ್ ಅರ್ಧ ಗಂಟೆ ತಡವಾಗುತ್ತದೆ. ಟೀ ಬ್ರೇಕ್‌ನಲ್ಲಿ ಯಾರೋ ಹಿರಿಯರು ಮಾತಿಗೆ ನಿಲ್ಲಿಸಿಕೊಳ್ಳುತ್ತಾರೆ. ಸಂಜೆ ಎಲ್ಲರೂ ಊಟಕ್ಕೆ ಹೊರಟಾಗ ಬರುವುದಿಲ್ಲ ಅನ್ನಲು ಆಗುವುದಿಲ್ಲ. ಅದಕ್ಕೇ ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟು. ನಿಮ್ಮ ಪೇಪರ್ ಯಾವ ದಿನ, ಎಷ್ಟು ಗಂಟೆಗೆ ಅಂತ ಬರೆದಿಟ್ಟುಕೊಳ್ಳುತ್ತೀರಲ್ಲ, ಅದೇ ಪಟ್ಟಿಯಲ್ಲಿ ಒಂದು ಮ್ಯೂಸಿಯಂ ಹೆಸರನ್ನೂ ಬರೆಯಿರಿ. ಒಂದೇ ಸಾಕು. ಹೊರಡುವ ಮೊದಲೇ ಬರೆಯಿರಿ.

ಬರೆಯುವಾಗ ಮೊದಲು ನೋಡಬೇಕಾದ್ದು ವಾರದ ದಿನ. ಎಷ್ಟೋ ಕಾನ್ಫರೆನ್ಸ್‌ಗಳು ಸೋಮವಾರ ಶುರುವಾಗುತ್ತವೆ. ಬೆಳಗ್ಗೆ ಹೆಸರು ನೋಂದಾಯಿಸಿ, ಬ್ಯಾಡ್ಜ್ ಹಾಕಿಕೊಂಡು, ಮಧ್ಯಾಹ್ನ ಫ್ರೀ ಇದೆ ಅಂತ ಜನ ಮ್ಯೂಸಿಯಂ ಕಡೆ ಹೊರಡುತ್ತಾರೆ. ಬಹಳಷ್ಟು ಮ್ಯೂಸಿಯಂಗಳಿಗೆ ಸೋಮವಾರವೇ ರಜೆ. ಫ್ಲಾರೆನ್ಸಿನ ಉಫೀತ್ಸಿ, ಪ್ಯಾರಿಸ್ಸಿನ ಓರ್ಸೇ, ದೆಹಲಿಯ ರಾಷ್ಟ್ರೀಯ ಮ್ಯೂಸಿಯಂ, ಎಲ್ಲವೂ ಅವತ್ತು ಬಾಗಿಲು ಹಾಕಿರುತ್ತವೆ. ಆದರೆ ಅದನ್ನೇ ನಿಯಮ ಅಂದುಕೊಳ್ಳಬೇಡಿ. ಪ್ಯಾರಿಸ್ಸಿನಲ್ಲೇ ಇರುವ ಲೂವ್ರ್‌ಗೆ ರಜೆ ಮಂಗಳವಾರ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಬುಧವಾರ. ತಾಜ್ ಮಹಲ್‌ಗೂ ಹೈದರಾಬಾದಿನ ಸಾಲಾರ್ ಜಂಗ್‌ಗೂ ಶುಕ್ರವಾರ. ವ್ಯಾಟಿಕನ್ ಮ್ಯೂಸಿಯಂಗಳು ಭಾನುವಾರ ಮುಚ್ಚಿರುತ್ತವೆ, ತಿಂಗಳ ಕೊನೆಯ ಭಾನುವಾರ ಮಾತ್ರ ತೆರೆದು ಪುಕ್ಕಟೆಯಾಗಿ ಬಿಡುತ್ತಾರೆ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ವರ್ಷದ ಅಷ್ಟೂ ದಿನ ತೆರೆದಿರುತ್ತದೆ, ಆದರೆ ಸಂಜೆ 5 ಗಂಟೆಗೆ ಮುಚ್ಚುತ್ತದೆ. ಕೊನೆಯ ಸೆಷನ್ ಮುಗಿಸಿಕೊಂಡು ಹೋದರೆ ಬಾಗಿಲು ಹಾಕುತ್ತಿರುತ್ತಾರೆ.

ಕಾನ್ಫರೆನ್ಸ್‌ಗೆ ಬಂದವರಿಗೆ ನಿಜವಾಗಿ ದಕ್ಕುವುದು ಸಂಜೆ ಹೊತ್ತು ತೆರೆದಿರುವ ಮ್ಯೂಸಿಯಂಗಳು. ವಾರದಲ್ಲಿ ಒಂದೆರಡು ದಿನ ರಾತ್ರಿವರೆಗೆ ತೆರೆದಿಡುವ ಪದ್ಧತಿ ದೊಡ್ಡ ಮ್ಯೂಸಿಯಂಗಳಲ್ಲಿ ಇದೆ. ಲೂವ್ರ್ ಬುಧವಾರ ಮತ್ತು ಶುಕ್ರವಾರ ರಾತ್ರಿ 9ರವರೆಗೆ. ಓರ್ಸೇ ಗುರುವಾರ ಒಂಬತ್ತೂಮುಕ್ಕಾಲರವರೆಗೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಶುಕ್ರವಾರ ಎಂಟೂವರೆವರೆಗೆ. ಮೆಟ್ರೊಪಾಲಿಟನ್ ಶುಕ್ರವಾರ, ಶನಿವಾರ 9ರವರೆಗೆ. ಅಥೆನ್ಸಿನ ಅಕ್ರೊಪೊಲಿಸ್ ಮ್ಯೂಸಿಯಂ ಶುಕ್ರವಾರ 10ರವರೆಗೆ. ಮ್ಯಾಡ್ರಿಡ್‌ನ ಪ್ರಾಡೊದಲ್ಲಂತೂ ದಿನಾ ಸಂಜೆ ಕೊನೆಯ ಎರಡು ಗಂಟೆ ಟಿಕೆಟ್ಟೇ ಇಲ್ಲ. ಶಾಲೆಯ ಮಕ್ಕಳ ಗುಂಪುಗಳು, ಟೂರ್ ಬಸ್ಸಿನವರು ಆ ಹೊತ್ತಿಗೆ ಹೋಗಿಯಾಗಿರುತ್ತಾರೆ. ಈ ವೇಳೆಗಳು ಬದಲಾಗುತ್ತಲೇ ಇರುತ್ತವೆ, ಹೊರಡುವ ಮುಂಚೆ ಆಯಾ ಮ್ಯೂಸಿಯಂನ ವೆಬ್‌ಸೈಟ್ ಒಮ್ಮೆ ನೋಡಿಕೊಳ್ಳಿ. ಹಾಗೇ ಇನ್ನೊಂದು. ಮುಚ್ಚುವ ಹೊತ್ತು ಅಂದರೆ ನೀವು ಹೊರಗಿರಬೇಕಾದ ಹೊತ್ತು. ಕಾವಲಿನವರು ಕೋಣೆ ಕೋಣೆ ಖಾಲಿ ಮಾಡಿಸಲು ಅದಕ್ಕಿಂತ ಮೊದಲೇ ಶುರು ಮಾಡುತ್ತಾರೆ.

ರಿಪೇರಿಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬರ್ಲಿನ್ನಿಗೆ ಹೋಗುವವರೆಲ್ಲ ಪೆರ್ಗಮಾನ್ ಮ್ಯೂಸಿಯಂ ಹೆಸರು ಹೇಳುತ್ತಾರೆ. ಅದು 2023ರ ಅಕ್ಟೋಬರ್‌ನಲ್ಲಿ ದುರಸ್ತಿಗಾಗಿ ಪೂರ್ತಿ ಮುಚ್ಚಿತು. ವರ್ಷಗಳ ಕೆಲಸ ಅದು. ಹಳೆಯ ಟೂರಿಸ್ಟ್ ಪುಸ್ತಕ ಹಿಡಿದು ಹೋದರೆ ಬೇಲಿ ನೋಡಿಕೊಂಡು ವಾಪಸ್ ಬರಬೇಕು.

ಕೆಲವು ಕಡೆ ಮೊದಲೇ ಬುಕ್ ಮಾಡದಿದ್ದರೆ ಒಳಗೆ ಬಿಡುವುದೇ ಇಲ್ಲ. ಮಿಲಾನ್‌ನಲ್ಲಿ ಲಿಯೊನಾರ್ಡೊ ಬರೆದ 'ಕೊನೆಯ ಭೋಜನ' ಇದೆ. ಗೋಡೆ ಮೇಲಿನ ಚಿತ್ರ ಅದು, ಬಹಳ ಸೂಕ್ಷ್ಮ ಸ್ಥಿತಿಯಲ್ಲಿದೆ. ಸಣ್ಣ ಗುಂಪುಗಳಲ್ಲಿ, 15 ನಿಮಿಷ ಮಾತ್ರ ಬಿಡುತ್ತಾರೆ. ರೋಮ್‌ನ ಬೋರ್ಗೇಸೆ ಗ್ಯಾಲರಿಯಲ್ಲಿ ಎರಡು ಗಂಟೆಯ ಪಾಳಿ. ಆಮ್‌ಸ್ಟರ್‌ಡ್ಯಾಮಿನ ಆನ್ ಫ್ರಾಂಕ್ ಮನೆಗೆ ಬಾಗಿಲಲ್ಲಿ ಟಿಕೆಟ್ ಮಾರುವುದೇ ಇಲ್ಲ. ಆರು ವಾರ ಮುಂದಿನ ಟಿಕೆಟ್‌ಗಳನ್ನು ಪ್ರತಿ ಮಂಗಳವಾರ ಆನ್‌ಲೈನ್‌ನಲ್ಲಿ ಬಿಡುತ್ತಾರೆ. ನಿಮ್ಮ ಪೇಪರ್ ಒಪ್ಪಿಗೆಯಾದ ಇಮೇಲ್ ಬರುವುದು ತಿಂಗಳುಗಟ್ಟಲೆ ಮೊದಲು. ಅವತ್ತೇ ಈ ಕೆಲಸಕ್ಕೂ ಒಂದು ತಾರೀಖು ಬರೆದಿಟ್ಟುಕೊಂಡರೆ ಕಷ್ಟವಿಲ್ಲ.

ಈಗ ನಿದ್ದೆಯ ವಿಷಯಕ್ಕೆ ಬರುತ್ತೇನೆ. ದೂರ ಹಾರಿದಾಗ ನಿದ್ದೆಯ ಹೊತ್ತು ಏರುಪೇರಾಗುತ್ತದೆ, ಅದನ್ನು ಜೆಟ್‌ಲ್ಯಾಗ್ ಅಂತ ಎಲ್ಲರೂ ಬೈದುಕೊಳ್ಳುತ್ತಾರೆ. ಆದರೆ ಅದು ಯಾವ ಕಡೆಗೆ ಎಳೆಯುತ್ತದೆ ಅಂತ ಗೊತ್ತಿದ್ದರೆ ಉಪಯೋಗವೂ ಇದೆ. ಪಶ್ಚಿಮಕ್ಕೆ ಹಾರಿದವರ ದೇಹದ ಗಡಿಯಾರ ಆ ಊರಿಗಿಂತ ಮುಂದಿರುತ್ತದೆ. ಸಂಜೆ ಕಣ್ಣು ಎಳೆಯುತ್ತದೆ, ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರ. ಪೂರ್ವಕ್ಕೆ ಹಾರಿದವರಿಗೆ ಇದರ ಉಲ್ಟಾ. ರಾತ್ರಿ ನಿದ್ದೆ ಹತ್ತುವುದಿಲ್ಲ, ಬೆಳಗ್ಗೆ ಏಳಲು ಆಗುವುದಿಲ್ಲ. ಹಾಗಾಗಿ ಪೂರ್ವಕ್ಕೆ ಹೋದರೆ ರಾತ್ರಿ ತೆರೆದಿರುವ ಮ್ಯೂಸಿಯಂ ಆರಿಸಿ. ಪಶ್ಚಿಮಕ್ಕೆ ಹೋದರೆ ಬಯಲಲ್ಲಿರುವ ಜಾಗ ಆರಿಸಿ. ಚೌಕ, ಸೇತುವೆ, ಹಳೆ ಬೀದಿ, ಕೋಟೆ ಗೋಡೆ. ಇವಕ್ಕೆ ಬಾಗಿಲಿಲ್ಲ, ಟಿಕೆಟ್ಟಿಲ್ಲ. ಪ್ರಾಗ್‌ನ ಚಾರ್ಲ್ಸ್ ಸೇತುವೆ ಕಟ್ಟಲು ಶುರು ಮಾಡಿದ್ದು 1357ರಲ್ಲಿ. ಹಗಲು ಹತ್ತಕ್ಕೆ ಹೋದರೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬೆಳಗ್ಗೆ ಐದೂವರೆಗೆ ಹೋದರೆ ಇಕ್ಕೆಲಗಳಲ್ಲಿ ನಿಂತ 30 ಶಿಲ್ಪಗಳನ್ನು ಒಂದೊಂದಾಗಿ ನೋಡಿಕೊಂಡು, ಎಂಟೂವರೆಯ ಸೆಷನ್‌ಗೆ ಸರಿಯಾಗಿ ಬಂದು ಕೂರಬಹುದು. ಹೊಸ ಊರಲ್ಲಿ ಕತ್ತಲಲ್ಲಿ ಒಬ್ಬರೇ ಹೋಗುವುದು ಬೇಡ, ಬೆಳಕು ಮೂಡಿದ ಮೇಲೆ ಹೊರಡಿ, ಆದರೆ ಜೊತೆಗೊಬ್ಬರು ಇರಲಿ. ಕುತ್ತಿಗೆಯಲ್ಲಿ ನೇತಾಡುವ ಬ್ಯಾಡ್ಜನ್ನು ಜೇಬಿಗೆ ಹಾಕಿಕೊಳ್ಳಿ. ಹೆಸರು, ಸಂಸ್ಥೆ, ಹೊಸಬರು ಅನ್ನುವುದು ಎಲ್ಲವನ್ನೂ ಅದು ಹೇಳಿಬಿಡುತ್ತದೆ.

ಒಂದೇ ಮ್ಯೂಸಿಯಂ ಸಾಕು ಅಂದೆ. ಯಾಕೆ ಅಂತ ಹೇಳುತ್ತೇನೆ.

ಬಾಸ್ಟನ್ನಿನ ಲಲಿತಕಲಾ ಮ್ಯೂಸಿಯಂನಲ್ಲಿ ಬೆಂಜಮಿನ್ ಐವ್ಸ್ ಗಿಲ್ಮನ್ ಅನ್ನುವವರಿದ್ದರು. ಅವರು 1916ರಲ್ಲಿ 'ಮ್ಯೂಸಿಯಂ ದಣಿವು' ಅಂತ ಒಂದು ಲೇಖನ ಬರೆದರು. ಒಬ್ಬ ಮನುಷ್ಯನನ್ನು ಮ್ಯೂಸಿಯಂನೊಳಗೆ ಓಡಾಡಿಸಿ, ಪ್ರತಿ ವಸ್ತು ನೋಡಲು ಅವನು ಎಷ್ಟು ಬಗ್ಗುತ್ತಾನೆ, ಎಷ್ಟು ಕತ್ತು ಎತ್ತುತ್ತಾನೆ, ಹೇಗೆ ಮಂಡಿ ಮಡಿಸುತ್ತಾನೆ ಅಂತ ಫೋಟೋ ತೆಗೆಸಿದರು. ಫೋಟೋ ನೋಡಿದರೆ ನಗು ಬರುತ್ತದೆ. ಆದರೆ ಹೇಳಿದ್ದು ಗಂಭೀರ ವಿಷಯ. ವಸ್ತುಗಳನ್ನು ಇಟ್ಟ ರೀತಿಯೇ ನೋಡುವವರನ್ನು ಸುಸ್ತು ಮಾಡುತ್ತದೆ, ಸುಸ್ತಾದವರು ಕೊನೆಗೆ ಸುಮ್ನೆ ಕಣ್ಣು ಹಾಯಿಸಿಕೊಂಡು ಹೋಗುತ್ತಾರೆ. ಇದು ದಿನವಿಡೀ ಬಿಡುವಿರುವ ಪ್ರವಾಸಿಗಳ ಕಥೆ. ನೀವು ಬೆಳಗ್ಗೆಯಿಂದ ಹನ್ನೆರಡು ಪೇಪರ್ ಕೇಳಿ, ಪೋಸ್ಟರ್ ಮುಂದೆ ನಿಂತು ಕಾಲು ನೋಯಿಸಿಕೊಂಡು ಬಂದಿರುತ್ತೀರಿ.

ಇನ್ನೊಂದು ಅಧ್ಯಯನ ಮೆಟ್ರೊಪಾಲಿಟನ್‌ನಲ್ಲಿ ನಡೆಯಿತು. 2001ರಲ್ಲಿ ಪ್ರಕಟವಾಯಿತು. ಜನ ಒಂದು ಕಲಾಕೃತಿಯ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ಅಂತ ಗಡಿಯಾರ ಹಿಡಿದು ನೋಡಿದರು. ಸರಾಸರಿ 27 ಸೆಕೆಂಡು. ಅರ್ಧದಷ್ಟು ಜನ ನಿಂತದ್ದು 17 ಸೆಕೆಂಡಿಗಿಂತ ಕಡಿಮೆ. ಫಲಕ ಓದುವ ಹೊತ್ತೂ ಅದರಲ್ಲೇ ಸೇರಿದೆ. ಲೂವ್ರ್‌ನಲ್ಲಿ ಪ್ರದರ್ಶನಕ್ಕಿಟ್ಟ ಕೃತಿಗಳು ಸುಮಾರು 35,000. ಒಂದಕ್ಕೆ 17 ಸೆಕೆಂಡ್ ಅಂದರೂ 165 ಗಂಟೆ ಆಯಿತು. ಊಟ, ನಿದ್ದೆ ಬಿಟ್ಟು ಓಡಿದರೂ ಹೆಚ್ಚು ಕಡಿಮೆ ಒಂದು ವಾರ. ನಿಮ್ಮ ಕೈಲಿರುವುದು ಎರಡು ಗಂಟೆ. ಪೂರ್ತಿ ನೋಡುವ ಆಸೆಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಿ. ಎರಡು ಕೋಣೆ ಆರಿಸಿಕೊಳ್ಳಿ. ಅಲ್ಲಿ ಬೆಂಚ್ ಇದ್ದರೆ ಕೂತುಕೊಂಡು ನೋಡಿ.

ಫಲಕ ಓದುವುದನ್ನೂ ಸ್ವಲ್ಪ ಕಲಿತುಕೊಳ್ಳಬೇಕು. ನಾವೆಲ್ಲ ಹೆಸರು, ಕಾಲ ಓದಿ ಮುಂದೆ ಹೋಗುತ್ತೇವೆ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಂಖ್ಯೆ ಇರುತ್ತದೆ, ಅದರಲ್ಲೇ ಅರ್ಧ ಕಥೆ ಇದೆ. ಎಷ್ಟೋ ಮ್ಯೂಸಿಯಂಗಳಲ್ಲಿ ಆ ಸಂಖ್ಯೆಯ ಮೊದಲ ಭಾಗ, ವಸ್ತು ಅಲ್ಲಿಗೆ ಸೇರಿದ ವರ್ಷ. ಮೆಟ್ರೊಪಾಲಿಟನ್‌ನಲ್ಲಿ ಈಜಿಪ್ಟಿನ ಡೆಂಡೂರ್ ದೇವಾಲಯ ಇಡೀದಾಗಿ ನಿಂತಿದೆ. ಅದರ ಸಂಖ್ಯೆ 68.154, ಅಂದರೆ 1968. ಅಸ್ವಾನ್ ಅಣೆಕಟ್ಟಿನಿಂದ ಮುಳುಗಬೇಕಿದ್ದ ಗುಡಿ ಅದು. ಕಲ್ಲು ಕಲ್ಲಾಗಿ ಬಿಚ್ಚಿದರು, 1965ರಲ್ಲಿ ಈಜಿಪ್ಟ್ ಅದನ್ನು ಅಮೆರಿಕಕ್ಕೆ ಉಡುಗೊರೆ ಕೊಟ್ಟಿತು. 1978ರಿಂದ ಅಲ್ಲಿ ಜನ ನೋಡುತ್ತಿದ್ದಾರೆ. ಇದು ಕೊಟ್ಟದ್ದು. ಕಿತ್ತುಕೊಂಡದ್ದೂ ಇದೆ. ರೊಸೆಟ್ಟಾ ಕಲ್ಲು ಅನ್ನುವ ಈಜಿಪ್ಟಿನ ಶಾಸನ 1799ರಲ್ಲಿ ಫ್ರೆಂಚ್ ಸೈನಿಕರಿಗೆ ಸಿಕ್ಕಿತು, 1802ರಿಂದ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಎಲ್ಲರೂ ಮುಂದಿನಿಂದ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಪಕ್ಕಕ್ಕೆ ಹೋಗಿ ನೋಡಿ. ಬ್ರಿಟಿಷ್ ಸೇನೆ 1801ರಲ್ಲಿ ಈಜಿಪ್ಟಿನಲ್ಲಿ ವಶಪಡಿಸಿಕೊಂಡದ್ದು ಅಂತ ಇಂಗ್ಲಿಷ್‌ನಲ್ಲಿ ಬಣ್ಣದಲ್ಲಿ ಬರೆದಿದ್ದಾರೆ. ಆ ಕಲ್ಲಿನ ಮೇಲೆ ಮೂರು ಲಿಪಿಯ ಬರಹ ಇದೆ ಅನ್ನುತ್ತಾರೆ. ಇದನ್ನೂ ಸೇರಿಸಿಕೊಂಡರೆ ನಾಲ್ಕು!

ಯಾವ ಮ್ಯೂಸಿಯಂ ಆರಿಸಬೇಕು? ಊರಿನ ಅತಿ ದೊಡ್ಡ ಮ್ಯೂಸಿಯಂಗೇ ಹೋಗಬೇಕು ಅಂತ ಏನಿಲ್ಲ. ಇದು ನನ್ನ ಗಟ್ಟಿ ಅಭಿಪ್ರಾಯ. ನಿಮ್ಮ ಕಸುಬಿಗೆ ಹತ್ತಿರವಾದ ಒಂದು ಸಣ್ಣ ಜಾಗ ಆ ಊರಲ್ಲಿ ಇದೆಯಾ ಅಂತ ಹುಡುಕಿ. ಒಂದು ಗಂಟೆಯಲ್ಲಿ ಪೂರ್ತಿ ನೋಡಿ ಮುಗಿಯುವಂಥದ್ದು. ಅದು ನಿಮ್ಮೊಳಗೆ ಉಳಿಯುತ್ತದೆ, ಯಾಕೆಂದರೆ ಅಲ್ಲಿ ನಿಮಗೆ ಪ್ರಶ್ನೆಗಳಿರುತ್ತವೆ.

ವೈದ್ಯರೇ, ಲಂಡನ್ನಿಗೆ ಹೋದರೆ ಸೇಂಟ್ ಥಾಮಸ್ ಚರ್ಚಿನ ಅಟ್ಟಕ್ಕೆ ಹತ್ತಿ. ಕಿರಿದಾದ ಸುರುಳಿ ಮೆಟ್ಟಿಲು, 52 ಇವೆ. ಮೇಲೆ 1822ರ ಆಪರೇಷನ್ ಥಿಯೇಟರ್ ಹಾಗೇ ಉಳಿದಿದೆ. ಮಧ್ಯೆ ಒಂದು ಮರದ ಮೇಜು, ಸುತ್ತ ವಿದ್ಯಾರ್ಥಿಗಳು ನಿಲ್ಲುವ ಮೆಟ್ಟಿಲುಗಳು. ಅರಿವಳಿಕೆ ಬಂದದ್ದು 1846ರ ನಂತರ. ಅದಕ್ಕೆ ಮೊದಲ ಇಪ್ಪತ್ತೈದು ವರ್ಷ ಇಲ್ಲಿ ನಡೆದದ್ದೆಲ್ಲ ರೋಗಿಗೆ ಪೂರ್ತಿ ಎಚ್ಚರ ಇದ್ದಾಗಲೇ. ಆಸ್ಪತ್ರೆ 1862ರಲ್ಲಿ ಬೇರೆ ಕಡೆ ಹೋಯಿತು, ಅಟ್ಟವನ್ನು ಮುಚ್ಚಿದರು, ಸುಮಾರು ನೂರು ವರ್ಷ ಯಾರಿಗೂ ನೆನಪಿರಲಿಲ್ಲ. ಇಟಲಿಯ ಪಾದುವಾದಲ್ಲಿ ಇದಕ್ಕಿಂತ ಹಳೆಯದಿದೆ. 1595ರ ಅಂಗರಚನಾ ರಂಗಮಂದಿರ. ಮೊಟ್ಟೆಯಾಕಾರದಲ್ಲಿ ಆರು ಸುತ್ತು ಮರದ ಕಟಕಟೆ, ತಳದಲ್ಲಿ ಶವ ಇಡುವ ಮೇಜು. ರಕ್ತ ದೇಹದಲ್ಲಿ ಸುತ್ತುತ್ತದೆ ಅಂತ ಮುಂದೆ ತೋರಿಸಿಕೊಟ್ಟ ವಿಲಿಯಂ ಹಾರ್ವೆ ಅಲ್ಲಿ ಓದಿ 1602ರಲ್ಲಿ ಪದವಿ ಪಡೆದರು. ವಿಶ್ವವಿದ್ಯಾಲಯದ ಕಟ್ಟಡದೊಳಗಿದೆ, ಮಾರ್ಗದರ್ಶಕರ ಜೊತೆಗೇ ಹೋಗಬೇಕು. ಅದನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಸಾರ್ವಜನಿಕ ಆರೋಗ್ಯದ ಕೆಲಸ ಮಾಡುವವರಿಗೆ ಲಂಡನ್ನಿನ ಬ್ರಾಡ್ವಿಕ್ ಬೀದಿಯಲ್ಲಿ ಒಂದು ಕೈಪಂಪ್ ಇದೆ. 1854ರ ಕಾಲರಾ ಹೊತ್ತಲ್ಲಿ ಜಾನ್ ಸ್ನೋ ಸಾವುಗಳನ್ನು ಮನೆ ಮನೆ ಲೆಕ್ಕ ಹಾಕಿ, ಒಂದು ಪಂಪಿನ ಕಡೆ ಬೆರಳು ತೋರಿಸಿದರು. ಸೆಪ್ಟೆಂಬರ್ 8ರಂದು ಅದರ ಹಿಡಿಕೆ ತೆಗೆಸಿದರು. ಈಗಿರುವುದು ಅದರ ಪ್ರತಿಕೃತಿ. ಅದಕ್ಕೂ ಹಿಡಿಕೆ ಇಲ್ಲ! ಅಳತೆಯ ವಿಜ್ಞಾನದವರು ಪ್ಯಾರಿಸ್ಸಿಗೆ ಹೋದರೆ ವೋಜಿರಾರ್ ಬೀದಿಯ 36ನೇ ನಂಬರಿನ ಹತ್ತಿರ ಗೋಡೆ ನೋಡಿ. ಮೀಟರ್ ಅನ್ನುವ ಅಳತೆ ಹೊಸದಾಗಿ ಬಂದಾಗ, ಜನಕ್ಕೆ ಅಭ್ಯಾಸವಾಗಲಿ ಅಂತ 1796–97ರಲ್ಲಿ ಊರ ಬೀದಿಗಳಲ್ಲಿ ಅಮೃತಶಿಲೆಯ ಮೀಟರ್‌ಗಳನ್ನು ಹಾಕಿಸಿದರು. ಅದರಲ್ಲಿ ಒಂದು ಇಲ್ಲಿದೆ. ಪಂಪಾಗಲಿ ಮೀಟರಾಗಲಿ, ನೋಡಲು ಟಿಕೆಟ್ಟೂ ಬೇಡ, ರಜೆಯ ದಿನವೂ ಇಲ್ಲ. ಹತ್ತು ನಿಮಿಷ ಸಾಕು.

ಎಂಜಿನಿಯರ್‌ಗಳಿಗೆ ಸ್ಟಾಕ್‌ಹೋಮ್‌ನ ವಾಸಾ ಹಡಗಿನ ಮ್ಯೂಸಿಯಂ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 1628ರ ಆಗಸ್ಟ್ 10ರಂದು ಸ್ವೀಡನ್ನಿನ ರಾಜನ ಹೊಸ ಯುದ್ಧನೌಕೆ ಮೊದಲ ಯಾನಕ್ಕೆ ಹೊರಟಿತು. 64 ಫಿರಂಗಿ, ಎರಡು ಅಂತಸ್ತು. ಬಂದರಿನೊಳಗೇ, ದಡದಲ್ಲಿ ನಿಂತ ಜನರ ಕಣ್ಣೆದುರೇ, ಗಾಳಿ ಬೀಸಿದ ಹೊಡೆತಕ್ಕೆ ವಾಲಿತು. ತೆರೆದಿಟ್ಟ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿ ಮುಳುಗಿತು. ಕಾರಣ ಸರಳ: ಮೇಲೆ ಭಾರ ಜಾಸ್ತಿ, ತಳದಲ್ಲಿ ಕಡಿಮೆ. 333 ವರ್ಷ ನೀರಲ್ಲಿದ್ದು 1961ರಲ್ಲಿ ಮೇಲೆ ಬಂತು. ಒಣಗಿದರೆ ಮರ ಸುಕ್ಕಾಗಿ ಸೀಳುತ್ತದೆ ಅಂತ ಹದಿನೇಳು ವರ್ಷ ಪಾಲಿಎಥಿಲೀನ್ ಗ್ಲೈಕಾಲ್ ಅನ್ನುವ ಮೇಣದಂಥ ರಾಸಾಯನಿಕದ ದ್ರಾವಣ ಸಿಂಪಡಿಸಿದರು. 1990ರಲ್ಲಿ ಅದರ ಸುತ್ತಲೇ ಮ್ಯೂಸಿಯಂ ತೆರೆಯಿತು. ಈ ಮ್ಯೂಸಿಯಂ ನನಗೆ ಇಷ್ಟವಾಗುವುದು ಯಾಕೆಂದರೆ, ಇಡೀ ಕಟ್ಟಡ ಒಂದು ವಿಫಲ ವಿನ್ಯಾಸದ ಸುತ್ತ ಕಟ್ಟಿದ್ದು. ನಮ್ಮ ಕಾನ್ಫರೆನ್ಸ್‌ಗಳಲ್ಲಿ ಸೋತ ಪ್ರಯೋಗದ ಬಗ್ಗೆ ಒಂದು ಪೇಪರ್ ಹುಡುಕಿದರೂ ಸಿಗುವುದಿಲ್ಲ. ಅಲ್ಲಿ ಸೋಲು ಹಲವು ಮಹಡಿಗಳಿಂದ ಕಾಣುತ್ತದೆ. ಒಂದೇ ವಸ್ತು, ಒಂದೇ ಕಥೆ. ಮೇಲಿನಿಂದ, ಕೆಳಗಿನಿಂದ, ಪಕ್ಕದಿಂದ ನೋಡಿಕೊಂಡು ಬರಬಹುದು. ಎರಡು ಗಂಟೆ ಇರುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ.

ಕಾನ್ಫರೆನ್ಸ್ ನಡೆದ ಜಾಗವೇ ಈಗ ನೋಡುವ ಜಾಗವಾಗಿರುವುದೂ ಇದೆ. ನಮ್ಮಂಥವರು ಇವನ್ನು ಬಿಡಬಾರದು. 1860ರ ಜೂನ್ 30ರಂದು ಆಕ್ಸ್‌ಫರ್ಡ್‌ನ ಹೊಸ ನಿಸರ್ಗ ಇತಿಹಾಸ ಮ್ಯೂಸಿಯಂನಲ್ಲಿ ಬ್ರಿಟಿಷ್ ಅಸೋಸಿಯೇಷನ್ ಅನ್ನುವ ವಿಜ್ಞಾನ ಸಂಘದ ಸಭೆ ನಡೆದಿತ್ತು. ಜೀವವಿಕಾಸದ ಬಗ್ಗೆ ಡಾರ್ವಿನ್ ಬರೆದ ಪುಸ್ತಕ ಬಂದು ವರ್ಷವೂ ಆಗಿರಲಿಲ್ಲ. ಅದರ ಪರವಾಗಿದ್ದ ವಿಜ್ಞಾನಿ ಥಾಮಸ್ ಹಕ್ಸ್‌ಲಿ ಮತ್ತು ವಿರೋಧಿಸಿದ ಬಿಷಪ್ ವಿಲ್ಬರ್‌ಫೋರ್ಸ್ ನಡುವೆ ಅಲ್ಲೇ ವಾಗ್ವಾದವಾಯಿತು. ಯಾರು ನಿಖರವಾಗಿ ಏನೆಂದರು ಅನ್ನುವುದಕ್ಕೆ ಆ ಹೊತ್ತಲ್ಲಿ ಬರೆದುಕೊಂಡ ಪೂರ್ಣ ದಾಖಲೆ ಇಲ್ಲ. ಹೆಚ್ಚಿನದು ಆಮೇಲೆ ನೆನಪಿಸಿಕೊಂಡದ್ದು. ಮ್ಯೂಸಿಯಂ ಮುಂದೆ ಅದರ ನೆನಪಿಗೆ ಒಂದು ಕಲ್ಲು ನಿಲ್ಲಿಸಿದ್ದಾರೆ. ಲಂಡನ್ನಿನ ಗ್ರೀನಿಚ್‌ನ ಗೆರೆಯೂ ಒಂದು ಕಾನ್ಫರೆನ್ಸ್‌ನ ಫಲವೇ. 1884ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ನಿನಲ್ಲಿ 25 ದೇಶಗಳವರು ಸೇರಿ, ಶೂನ್ಯ ರೇಖಾಂಶ ಎಲ್ಲಿ ಹಾದುಹೋಗಬೇಕು ಅಂತ ಮತ ಹಾಕಿದರು. 22 ದೇಶ ಗ್ರೀನಿಚ್ ಪರ, ಒಂದು ವಿರುದ್ಧ, ಎರಡು ತಟಸ್ಥ. ತಟಸ್ಥರಲ್ಲಿ ಫ್ರಾನ್ಸ್ ಒಂದು. ಈಗ ಗ್ರೀನಿಚ್‌ನಲ್ಲಿ ಆ ಗೆರೆ ತೋರಿಸುವ ಲೋಹದ ಪಟ್ಟಿಯ ಮೇಲೆ ನಿಂತು ಮೊಬೈಲ್ ತೆಗೆದರೆ ಜಿಪಿಎಸ್ ಸೊನ್ನೆ ತೋರಿಸುವುದಿಲ್ಲ. ಅದರ ಸೊನ್ನೆ ಸುಮಾರು 102 ಮೀಟರ್ ಪೂರ್ವಕ್ಕಿದೆ.

ಇಂಡೊನೇಷ್ಯಾದ ಬಾಂಡುಂಗ್‌ನಲ್ಲಿ 1955ರ ಏಪ್ರಿಲ್‌ನಲ್ಲಿ ಏಷ್ಯಾ ಆಫ್ರಿಕಾದ 29 ದೇಶಗಳು ಸಭೆ ಸೇರಿದವು. ನೆಹರೂ ಅಲ್ಲಿದ್ದರು, ಚೀನಾದ ಚೌ ಎನ್‌ಲೈ ಇದ್ದರು, ಈಜಿಪ್ಟಿನ ನಾಸರ್ ಇದ್ದರು. ಅದು ನಡೆದ ಕಟ್ಟಡದಲ್ಲಿ 1980ರಲ್ಲಿ ಮ್ಯೂಸಿಯಂ ಮಾಡಿದರು.

ಬರ್ಲಿನ್ನಿನ ಹೊರವಲಯದಲ್ಲಿ ಕೆರೆ ದಡದ ಒಂದು ಬಂಗಲೆ ಇದೆ, ವಾನ್ಸೀ. 1942ರ ಜನವರಿ 20ರಂದು 15 ನಾಜಿ ಅಧಿಕಾರಿಗಳು ಅಲ್ಲಿ ಸಭೆ ಸೇರಿದರು. ಒಂದೂವರೆ ಗಂಟೆ. ಯುರೋಪಿನ ಯಹೂದಿಗಳನ್ನು ಕೊಲ್ಲುವ ಕೆಲಸಕ್ಕೆ ಯಾವ ಇಲಾಖೆ ಏನು ಮಾಡಬೇಕು ಅನ್ನುವುದು ವಿಷಯ. ಸಭೆಯ ನಡಾವಳಿಯ ಒಂದು ಪ್ರತಿ 1947ರಲ್ಲಿ ಸಿಕ್ಕಿತು. ದೇಶವಾರು ಪಟ್ಟಿ, ಪ್ರತಿ ದೇಶದ ಮುಂದೆ ಯಹೂದಿಗಳ ಸಂಖ್ಯೆ, ಕೆಳಗೆ ಮೊತ್ತ, ಒಂದು ಕೋಟಿ ಹತ್ತು ಲಕ್ಷದ ಮೇಲೆ. ನಾವು ದಿನಾ ನೋಡುವ ಕೋಷ್ಟಕದ ಥರವೇ ಇದೆ. ಅದೇ ಭಯ ಹುಟ್ಟಿಸುವುದು. 1992ರಿಂದ ಆ ಮನೆ ಸ್ಮಾರಕವಾಗಿದೆ. ಸಭೆ, ಟಿಪ್ಪಣಿ, ಕೋಷ್ಟಕಗಳಲ್ಲೇ ಬದುಕುವ ನಮ್ಮಂಥವರು ಒಮ್ಮೆ ನೋಡಲೇಬೇಕಾದ ಜಾಗ ಅಂತ ನನಗನಿಸುತ್ತದೆ.

ಆದರೆ ಇಂಥ ಜಾಗಗಳಿಗೆ ಊಟದ ವಿರಾಮದಲ್ಲಿ ಹೋಗಿ ಬರಬೇಡಿ. ಹಿರೋಶಿಮಾದಲ್ಲಿ ಶಾಂತಿ ಸ್ಮಾರಕ ಉದ್ಯಾನದೊಳಗೇ ಅಂತರರಾಷ್ಟ್ರೀಯ ಕಾನ್ಫರೆನ್ಸ್ ಕೇಂದ್ರ ಇದೆ. ಮ್ಯೂಸಿಯಂ ಪಕ್ಕದಲ್ಲೇ. ನಲವತ್ತು ನಿಮಿಷ ಸಿಕ್ಕರೆ ಹೋಗಿಬಿಡೋಣ ಅನಿಸುತ್ತದೆ. ಸುಟ್ಟ ಮಕ್ಕಳ ಬಟ್ಟೆ ನೋಡಿ ಬಂದು ನೀವು ಎರಡು ಗಂಟೆಗೆ ಸ್ಲೈಡ್ ತೋರಿಸುವುದಿದ್ದರೆ, ಎರಡಕ್ಕೂ ನ್ಯಾಯ ಸಿಗುವುದಿಲ್ಲ. ಅದಕ್ಕೆ ನಿಮ್ಮ ಪೇಪರ್ ಮುಗಿದ ಮೇಲಿನ ಒಂದು ಅರ್ಧ ದಿನ ಇಡಿ.

ಹಳೆಯ ಜಾಗ ಮತ್ತು ಅದರ ಮ್ಯೂಸಿಯಂ ಜೊತೆಜೊತೆಗೆ ಇರುವ ಕಡೆ ಎರಡನ್ನೂ ಒಂದೇ ಅಂತ ಲೆಕ್ಕ ಹಾಕಿ. ಸಾರನಾಥದಲ್ಲಿ ಅಗೆದ ಜಾಗ ಒಂದು ಕಡೆ, ಹತ್ತಿರದಲ್ಲೇ 1910ರಲ್ಲಿ ಕಟ್ಟಿದ ಮ್ಯೂಸಿಯಂ. ಅಶೋಕನ ಕಂಬದ ಮುರಿದ ಬುಡ ಬಯಲಲ್ಲಿದೆ. ಅದರ ನೆತ್ತಿಯಲ್ಲಿದ್ದ ನಾಲ್ಕು ಸಿಂಹಗಳು ಮ್ಯೂಸಿಯಂ ಒಳಗಿವೆ. ನಮ್ಮ ರಾಷ್ಟ್ರಲಾಂಛನದ ಮೂಲ ಅದು. ಒಂದನ್ನು ಬಿಟ್ಟು ಇನ್ನೊಂದು ನೋಡಿದರೆ ಅರ್ಧ ನೋಡಿದ ಹಾಗೆ. ಮ್ಯೂಸಿಯಂಗೆ ಶುಕ್ರವಾರ ರಜೆ, ಅದು ನೆನಪಿರಲಿ. ಅಥೆನ್ಸಿನಲ್ಲೂ ಹೀಗೇ. ಅಕ್ರೊಪೊಲಿಸ್ ಗುಡ್ಡದ ಮೇಲಿನ ಗುಡಿಯಲ್ಲಿ ಕಂಬದ ಬದಲು ನಿಂತಿರುವ ಆರು ಸ್ತ್ರೀ ವಿಗ್ರಹಗಳು ಈಗ ಪ್ರತಿಕೃತಿಗಳು. ಅಸಲಿ ಐದು ಕೆಳಗಿನ ಮ್ಯೂಸಿಯಂನಲ್ಲಿವೆ, ಒಂದು ಲಂಡನ್ನಿನಲ್ಲಿ. ಗುಡ್ಡವನ್ನು ಬೆಳಗ್ಗೆ ಎಂಟಕ್ಕೆ ಹತ್ತಿ, ಮ್ಯೂಸಿಯಂ ಶುಕ್ರವಾರ ರಾತ್ರಿಗೆ ಇಟ್ಟುಕೊಳ್ಳಿ. ಮಧ್ಯದ ಹಗಲು ಪೂರ್ತಿ ಕಾನ್ಫರೆನ್ಸ್‌ಗೆ ಸಿಗುತ್ತದೆ.

ಕೊನೆಗೆ ಎಲ್ಲರ ಮನಸ್ಸಿನಲ್ಲೂ ಇರುವ ಪ್ರಶ್ನೆ. ಸೆಷನ್ ತಪ್ಪಿಸಿ ಹೋಗಬಹುದಾ? ನಿಮ್ಮ ಖರ್ಚು ಯಾರೋ ಕೊಟ್ಟಿರುತ್ತಾರೆ, ಅದು ಸುತ್ತಾಡಲು ಕೊಟ್ಟದ್ದಲ್ಲ. ಇದನ್ನು ಒಪ್ಪಿಕೊಂಡೇ ಹೇಳುತ್ತೇನೆ, ಎಲ್ಲ ಸೆಷನ್‌ನಲ್ಲೂ ಕೂರುವವರು ಎಲ್ಲವನ್ನೂ ಕೇಳುತ್ತಿರುವುದಿಲ್ಲ. ಹಿಂದಿನ ಸಾಲಿನಲ್ಲಿ ಕೂತು ಇಮೇಲ್ ನೋಡುವುದಕ್ಕಿಂತ, ಕಾರ್ಯಕ್ರಮ ಪಟ್ಟಿ ಓದಿ ನಿಮಗೆ ಸಂಬಂಧವೇ ಇಲ್ಲದ ಒಂದು ಮಧ್ಯಾಹ್ನವನ್ನು ಗುರುತಿಸಿ, ನಿಮ್ಮ ಸಂಶೋಧನಾ ಗೈಡ್‌ಗೆ ತಿಳಿಸಿ, ರಾಜಾರೋಷವಾಗಿ ಹೋಗಿ ಬನ್ನಿ. ಆದರೆ ದಿನದ ಕೊನೆಯ ಸೆಷನ್ ಬಿಡಬೇಡಿ. ಅಲ್ಲಿ ಮಾತಾಡುವವರು ಬಹುಪಾಲು ನಿಮ್ಮಂಥ ವಿದ್ಯಾರ್ಥಿಗಳು, ಖಾಲಿ ಕುರ್ಚಿಗಳ ಮುಂದೆ ಮಾತಾಡುತ್ತಿರುತ್ತಾರೆ. ನಾಳೆ ಆ ಜಾಗದಲ್ಲಿ ನೀವು.

ನನ್ನ ಮಾತು ಇಲ್ಲಿಗೆ ನಿಲ್ಲಿಸುತ್ತೇನೆ. ಪ್ರಶ್ನೆ ಇದ್ದರೆ ಕೇಳಿ.

ಪ್ರಶ್ನೆಗಳು

ಆಯೋಜಕರೇ ಮ್ಯೂಸಿಯಂನಲ್ಲಿ ಔತಣ ಇಟ್ಟರೆ, ಅದನ್ನೇ ಭೇಟಿ ಅಂದುಕೊಳ್ಳಬಹುದಾ ಸರ್?

ಅಂದುಕೊಳ್ಳಬೇಡಿ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಂಥ ಕಡೆ, 25 ಮೀಟರ್ ಉದ್ದದ ನೀಲಿ ತಿಮಿಂಗಿಲದ ಅಸ್ಥಿಪಂಜರದ ಕೆಳಗೆ ಊಟದ ಮೇಜು ಹಾಕುತ್ತಾರೆ. ನೋಡಲು ಚೆನ್ನಾಗಿರುತ್ತದೆ. ಆದರೆ ಉಳಿದ ಕೋಣೆಗಳಿಗೆ ಸಾಮಾನ್ಯವಾಗಿ ಬೀಗ. ತೆರೆದಿದ್ದರೆ ಭಾಷಣಗಳು ಶುರುವಾಗುವ ಮೊದಲೇ ತಟ್ಟೆ ಬದಿಗಿಟ್ಟು ಒಂದು ಸುತ್ತು ಹಾಕಿ. ಅಷ್ಟು ಖಾಲಿ ಗ್ಯಾಲರಿ ಹಗಲು ಸಿಗುವುದಿಲ್ಲ.

ಒಬ್ಬರೇ ಹೋಗುವುದು ಒಳ್ಳೆಯದಾ, ಗುಂಪಲ್ಲಾ?

ಇಬ್ಬರು. ಅದರಲ್ಲೂ ಬೇರೆ ವಿಷಯದವರ ಜೊತೆ ಹೋಗಿ. ಲೋಹದ ಬಗ್ಗೆ ಗೊತ್ತಿರುವವರ ಜೊತೆ ಕತ್ತಿಗಳ ಕೋಣೆಗೆ ಹೋದರೆ, ಹಿಡಿಯ ರತ್ನ ಬಿಟ್ಟು ಅಲಗಿನ ಮೇಲಿನ ಗೆರೆ ನೋಡುವುದನ್ನು ಕಲಿಸುತ್ತಾರೆ. ಎಂಟು ಜನರ ಗುಂಪಾದರೆ ಅರ್ಧ ಸಮಯ "ಅವರೆಲ್ಲಿ, ಇವರೆಲ್ಲಿ" ಅಂತ ಹುಡುಕುವುದರಲ್ಲೇ ಹೋಗುತ್ತದೆ.

ಫೋಟೋ ತೆಗೆಯಬಹುದಾ?

ಎಷ್ಟೋ ಕಡೆ ತೆಗೆಯಬಹುದು, ಫ್ಲಾಶ್ ಬೇಡ, ಸ್ಟ್ಯಾಂಡ್ ಬೇಡ. ಕೆಲವು ಕಡೆ ಪೂರ್ತಿ ನಿಷೇಧ. ವಸ್ತುವಿನ ಜೊತೆ ಅದರ ಫಲಕದ ಫೋಟೋವನ್ನೂ ತೆಗೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಮನೆಗೆ ಬಂದ ಮೇಲೆ ಅದು ಯಾವ ಕಾಲದ್ದು, ಎಲ್ಲಿಯದು ಅಂತ ನೆನಪಾಗುವುದಿಲ್ಲ.

ಕೊನೆಯ ದಿನ ರೂಮ್ ಖಾಲಿ ಮಾಡಿ, ಸಂಜೆ ಫ್ಲೈಟ್‌ವರೆಗೆ ಮ್ಯೂಸಿಯಂಗೆ ಹೋಗೋಣ ಅಂತಿದ್ದೇನೆ.

ಪೆಟ್ಟಿಗೆ ಎಳೆದುಕೊಂಡು ಹೋಗುವುದಾದರೆ ಆಗುವುದಿಲ್ಲ. ಲೂವ್ರ್‌ನಲ್ಲಿ 55, 35, 20 ಸೆಂಟಿಮೀಟರ್‌ಗಿಂತ ದೊಡ್ಡ ಚೀಲ ಒಳಗೇ ಬಿಡುವುದಿಲ್ಲ. ಹಲವು ಕಡೆ ಇಂಥದ್ದೇ ನಿಯಮ. ಪೋಸ್ಟರ್ ಸುತ್ತಿಟ್ಟ ಉದ್ದನೆ ಕೊಳವೆಯದು ಬೇರೆಯೇ ತಾಪತ್ರಯ. ಕೋಲು, ಕೊಡೆಯ ಜೊತೆ ಅದನ್ನೂ ಸೇರಿಸಿ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಪೆಟ್ಟಿಗೆಯನ್ನು ಹೋಟೆಲಿನಲ್ಲೋ ರೈಲ್ವೆ ನಿಲ್ದಾಣದ ಲಾಕರ್‌ನಲ್ಲೋ ಇಟ್ಟು ಹೋಗಿ. ಪೋಸ್ಟರನ್ನು ಮುಂದಿನ ಸಲ ಬಟ್ಟೆಯ ಮೇಲೆ ಪ್ರಿಂಟ್ ಮಾಡಿಸಿ, ಮಡಚಿ ಚೀಲಕ್ಕೆ ಹಾಕಿಕೊಳ್ಳಬಹುದು.